ಹದಿನೇಳನೇ ನಂಬರ್

ನೈರೋಬಿಯ ಹರ್ಲಿಂಗ್‌ಹ್ಯಾಮ್ ಬಡಾವಣೆಯ ಒಂದು ಕಾಲೇಜಿನಲ್ಲಿ ಗಣಿತ ಕಲಿಸುತ್ತಿದ್ದೆ. ಅಲ್ಲಿನ ಹೆಸರುಗಳನ್ನು ತಪ್ಪಾಗಿ ಕರೆದರೆ ಮಕ್ಕಳು ನಕ್ಕಾರೆಂದು ಹೆದರಿ, ಹಾಜರಿಯನ್ನು ನಂಬರಿನಲ್ಲೇ ಕೂಗುತ್ತಿದ್ದೆ. ಹದಿನೇಳನೇ ನಂಬರಿನ ಹುಡುಗಿ ಎರಡು ವಾರ ಬರಲಿಲ್ಲ. ನಿಯಮದಂತೆ ಅವಳ ಹೆಸರು ತೆಗೆಯಲು ಪೆನ್ನು ಹಿಡಿದೆ.

ಅಮೆರಿಕದಲ್ಲಿ ಕಪ್ಪು ಜನರಿಗೆಂದೇ ಹಿಂದೆ ಕಟ್ಟಿದ ಕಾಲೇಜೊಂದರಿಂದ ನಮಗೆ ತರಬೇತಿ ಕೊಡಲು ಬಂದಿದ್ದ ಹಿರಿಯ ಮೇಡಂ ಪಕ್ಕದಲ್ಲೇ ಕೂತಿದ್ದರು.

"ಫೋನ್ ಮಾಡಿದ್ರಾ?"

"ಅದು ಆಫೀಸಿನ ಕೆಲಸ, ಮೇಡಂ."

"ನಮ್ಮಲ್ಲಿ ಅದು ಮೇಷ್ಟರ ಕೆಲಸ. ಮಗು ಕಾಣದಿದ್ದರೆ ಮೊದಲು ಹುಡುಕ್ತೀವಿ. ನಿಯಮ ಎಲ್ಲಿಗೂ ಓಡಿಹೋಗಲ್ಲ."

ದೇವರನ್ನು ನೆನೆದು ಫೋನ್ ಮಾಡಿದೆ. "ವಂಜಿರು," ಎಂದೆ, ಮೊದಲ ಸಲ ಹೆಸರು ಹಿಡಿದು.

ಮೇಷ್ಟರಿಗೆ ಅಲ್ಲಿ ಮ್ವಾಲಿಮು ಎನ್ನುತ್ತಾರೆ; ಅವಳೂ ಹಾಗೇ ಕರೆದಳು. "ಲೆಕ್ಕ ಅರ್ಥ ಆಗ್ತಿರಲಿಲ್ಲ, ಮ್ವಾಲಿಮು. ನಾನು ಬರದಿದ್ರೆ ನಿಮಗೆ ಗೊತ್ತೂ ಆಗಲ್ಲ ಅಂದ್ಕೊಂಡೆ."

"ನಾಳೆ ಬಾಮ್ಮ. ಮೊದಲಿಂದ ಹೇಳ್ಕೊಡ್ತೀನಿ."

ಬಂದಳು. ಪರೀಕ್ಷೆಗೆ ಕೂತು ಪಾಸೂ ಆದಳು.

ಮುಂದೊಂದು ದಿನ ನನಗೇ ಜ್ವರ ಬಂತು. ನಾನೊಬ್ಬನೇ ಇರುವ ಮನೆ. ಆ ಊರಿಗೆ ಬಂದಾಗಿನಿಂದ, ಹೇಗಿದ್ದೀಯ ಎಂದು ಕೇಳುವ ಒಂದು ಜೀವ ಕೊಡಪ್ಪಾ ಎಂದು ದೇವರ ಪಟದ ಮುಂದೆ ದಿನಾ ಬೇಡುತ್ತಿದ್ದೆ. ಅವತ್ತು ತರಗತಿಯ ಹೊತ್ತಿಗೆ ಸರಿಯಾಗಿ ಫೋನ್ ಬಂತು.

"ಮ್ವಾಲಿಮು, ಇವತ್ತು ನೀವು ಆಬ್ಸೆಂಟ್. ಹುಷಾರಾಗಿದ್ದೀರಾ?" ವಂಜಿರುವಿನ ದನಿ. ಹಿಂದೆ ಇಡೀ ತರಗತಿಯ ಗಲಾಟೆ. "ನಾಳೆ ರಜಾಚೀಟಿ ತರಬೇಕು, ಆಯ್ತಾ?"

ಕಣ್ಣೊರೆಸಿಕೊಂಡು ಎದ್ದು ದೇವರಿಗೆ ದೀಪ ಹಚ್ಚಿದೆ. ಆತ ಯಾರನ್ನಾದರೂ ಕಳಿಸುತ್ತಾನೆಂದು ನಂಬಿದ್ದೆ. ರಜಾಚೀಟಿ ಕೇಳುವವರನ್ನೇ ಕಳಿಸುತ್ತಾನೆಂದು ಮಾತ್ರ ಎಣಿಸಿರಲಿಲ್ಲ.