ಗಂಡು ಶೆಡ್ಡಿನಲ್ಲಿ, ಹೆಣ್ಣು ನೆಲಮಾಳಿಗೆಯಲ್ಲಿ

ಅಥವಾ ಮೊದಲು ಎರಡೂ ಪ್ರಾಣಿಗಳು ತೋಟದ ಶೆಡ್ಡಿನಲ್ಲೇ ಇದ್ದವೇನೋ. ಮನೆಯ ಯಜಮಾನಿ ಆಸ್ಪತ್ರೆಗೆ ಹೊರಡುವ ಮುನ್ನ ಹೆಣ್ಣನ್ನು ತಾವೇ ನೆಲಮಾಳಿಗೆಗೆ ತಂದದ್ದು ನನಗೆ ಸ್ಪಷ್ಟವಾಗಿ ನೆನಪಿದೆ: ಅವರ ನೀಲಿ ಏಪ್ರನ್, ತೋಳಿನ ಮೇಲೆ ಉದ್ದಕ್ಕೆ ಜೋತುಬಿದ್ದ ಬಿಳಿ ಪ್ರಾಣಿ. ಆದರೆ ಸೊಂಟದ ಕೀಲು ಸವೆದು ಊರುಗೋಲು ಹಿಡಿದು ನಡೆಯುತ್ತಿದ್ದ ಹೆಂಗಸು ಆ ಕಡಿದಾದ ಮೆಟ್ಟಿಲನ್ನು ಹಾಗೆ ಇಳಿದಿರಲು ಸಾಧ್ಯವೇ ಇಲ್ಲ. ಹಾಗಾದರೆ ತಂದವನು ನನ್ನ ಗಂಡ. ಏಪ್ರನ್ ಎಲ್ಲಿಂದ ಬಂತೋ. ಆ ಹೊತ್ತಿಗೆ ನಾನು ಮನೆಯಲ್ಲೇ ಇರದೆ, ಅಬ್‌ಸ್ಟಾಟ್‌ನ ಆಫೀಸಿನಲ್ಲಿ ಬ್ರೇಕಿನ ಸಾಫ್ಟ್‌ವೇರ್ ಪರೀಕ್ಷೆ ಮಾಡುತ್ತ ಕೂತಿದ್ದಿರಲೂಬಹುದು.

ನಂಬಬಹುದಾದದ್ದು ಇಷ್ಟು. ಅದು ವಸಂತ. ಜರ್ಮನಿಯಲ್ಲಿ ನಾವಿದ್ದ ಹಳ್ಳಿ ಅಬ್‌ಸ್ಟಾಟ್‌ನಿಂದ ಬಸ್ಸಿನಲ್ಲಿ ಸ್ವಲ್ಪ ದೂರ. ಭಾನುವಾರ ಆ ಬಸ್ಸೂ ಇರಲಿಲ್ಲ. ಕೆಳಗೆ ಯಜಮಾನಿ, ಮೇಲೆ ಛಾವಣಿಯ ಮಾಡಿಗೆ ತಾಗಿದ ಎರಡು ಕೋಣೆಗಳಲ್ಲಿ ನಾವು. ತೀರಿಹೋದ ಅವರ ಗಂಡ ಮೊಲದ ಬಿಲಗಳಿಗೆ ಫೆರೆಟ್ ಬಿಟ್ಟು ಬೇಟೆಯಾಡುತ್ತಿದ್ದವರಂತೆ. ಅವರು ಹೋದ ಮೇಲೆ ಒಂದು ಗಂಡು, ಒಂದು ಹೆಣ್ಣು ಉಳಿದಿದ್ದವು. ನೋಡಿರದವರಿಗೆ ಹೇಳುವುದಾದರೆ, ಮುಂಗುಸಿಯನ್ನು ತುಸು ಎಳೆದು, ಮೆತ್ತಗೆ ಮಾಡಿ, ಮುಖಕ್ಕೆ ಆಗಷ್ಟೇ ಏನನ್ನೋ ಕದ್ದ ಕಳೆ ಕೊಟ್ಟರೆ ಫೆರೆಟ್.

ಹೊರಡುವಾಗ ಯಜಮಾನಿ ನನ್ನ ಗಂಡನಿಗೆ ನೆಲಮಾಳಿಗೆಯ ಕೀಲಿಕೈ ಕೊಟ್ಟು ಹೇಳಿದರು. ಗಂಡು ಶೆಡ್ಡಿನಲ್ಲಿ, ಹೆಣ್ಣು ನೆಲಮಾಳಿಗೆಯಲ್ಲಿ. ಒಂದರ ಹಾಸುಬಟ್ಟೆ ಇನ್ನೊಂದಕ್ಕೆ ಹಾಕಬೇಡಿ. ಒಂದನ್ನು ಮುಟ್ಟಿದ ಕೈ ತೊಳೆಯದೆ ಇನ್ನೊಂದನ್ನು ಮುಟ್ಟಬೇಡಿ. ಇದು ಅವುಗಳ ಬೆದೆಯ ಕಾಲ, ಒಟ್ಟಿಗೆ ಬಿಟ್ಟರೆ ಮರಿಗಳಾಗುತ್ತವೆ, ಈ ವಯಸ್ಸಿನಲ್ಲಿ ನನಗೆ ಮರಿಗಳು ಬೇಡ. ಮಿಕ್ಕದ್ದನ್ನು ಬಂದು ನೋಡಿಕೊಳ್ಳುತ್ತೇನೆ.

ಬೇಗ ಬರುವವರಿದ್ದರು. ಶಸ್ತ್ರಚಿಕಿತ್ಸೆಯ ಗಾಯಕ್ಕೆ ಸೋಂಕಾಯಿತು, ಅಲ್ಲಿಂದ ನಡಿಗೆ ಕಲಿಸುವ ಇನ್ನೊಂದು ಆಸ್ಪತ್ರೆಗೆ ಕಳಿಸಿದರು, ಅಲ್ಲಿಯೂ ದಿನಗಳು ಬೆಳೆದವು. ಮಿಕ್ಕದ್ದು ಏನೆಂದು ನಾವು ಕೇಳಲಿಲ್ಲ.

ಇಲ್ಲಿದ್ದು ಕೆಲಸ ಮಾಡುವ ಪರವಾನಗಿ, ಬ್ಲೂ ಕಾರ್ಡ್, ನನ್ನ ಹೆಸರಿನಲ್ಲಿತ್ತು. ಗಂಡ ಉಡುಪಿಯ ಹತ್ತಿರದ ಎಂಜಿನಿಯರಿಂಗ್ ಕಾಲೇಜಿನ ಮೇಷ್ಟರ ಕೆಲಸ ಬಿಟ್ಟು ನನ್ನ ಹಿಂದೆ ಬಂದಿದ್ದ. ಕೆಲಸ ಮಾಡಲು ಅವನಿಗೆ ಕಾನೂನಿನ ಅಡ್ಡಿಯಿರಲಿಲ್ಲ, ಭಾಷೆಯ ಅಡ್ಡಿಯಿತ್ತು. ಬೆಳಿಗ್ಗೆ ಹೈಲ್‌ಬ್ರಾನ್‌ಗೆ ಜರ್ಮನ್ ಕ್ಲಾಸಿಗೆ ಹೋಗುವುದು, ಮಧ್ಯಾಹ್ನ ಬಂದು ಅನ್ನ ಮಾಡುವುದು, ಸಂಜೆ ನನಗೆ ಕಾಯುವುದು. ನನಗೂ ಆ ಕೆಲಸ ಬಿಡುವಂತಿರಲಿಲ್ಲ; ಮೊದಲ ಎರಡು ವರ್ಷ ಕಂಪನಿ ಬದಲಿಸಬೇಕಾದರೆ ವೀಸಾ ಕಚೇರಿಯ ಒಪ್ಪಿಗೆ ಬೇಕು, ಕೆಲಸ ಹೋದರೆ ಇಬ್ಬರೂ ಊರಿಗೆ. ಹಾಗಾಗಿ ಯಾರು ಯಾವ ನಿಯಮ ಹೇಳಿದರೂ ನಾವು ಭಯದಿಂದ ಪಾಲಿಸುತ್ತಿದ್ದೆವು. ಮೊಸರಿನ ಡಬ್ಬಿಯಿಂದ ಮುಚ್ಚಳ ಕಿತ್ತು ಬೇರೆ ಎಸೆಯುತ್ತಿದ್ದೆವು. ಭಾನುವಾರ ಸದ್ದು ಮಾಡಬಾರದೆಂದು ವಾಷಿಂಗ್ ಮೆಷಿನ್ ಮುಟ್ಟುತ್ತಿರಲಿಲ್ಲ. ಗಂಡು ಹೆಣ್ಣು ಫೆರೆಟ್‌ಗಳನ್ನೂ ಅಷ್ಟೇ ಶ್ರದ್ಧೆಯಿಂದ ಬೇರೆ ಇಟ್ಟೆವು. ಗಂಡ ಎರಡು ಜೊತೆ ಗ್ಲೌಸ್ ಇಟ್ಟುಕೊಂಡಿದ್ದ, ಎರಡು ಪೊರಕೆ, ಎರಡು ಬಕೆಟ್. ಕೀಲಿಕೈಯನ್ನು ಮೊಳೆಗೆ ತೂಗುಹಾಕದೆ ಅಂಗಿಯ ಕಿಸೆಯಲ್ಲೇ ಇಡುತ್ತಿದ್ದ. ಈ ದೇಶ ಅವನ ಕೈಗೆ ಒಪ್ಪಿಸಿದ ಮೊದಲ ವಸ್ತು ಅದು.

ಆ ನಡುವೆ ಅತ್ತೆ ಪ್ರವಾಸಿ ವೀಸಾದಲ್ಲಿ ಬಂದರು. ಬೆಳಿಗ್ಗೆ ಎದ್ದು ಮುಂಗುಸಿ ಮುಖ ನೋಡಿದರೆ ಒಳ್ಳೆಯದೆಂದು ದಿನಾ ಮಗನಿಂದ ಕೀಲಿಕೈ ಇಸಿದುಕೊಂಡು, ಶಾಲು ಹೊದ್ದು ನೆಲಮಾಳಿಗೆಗೆ ಇಳಿಯುತ್ತಿದ್ದರು. ಇದು ಮುಂಗುಸಿ ಅಲ್ಲ ಅಂದರೆ, "ಅದರ ಚಿಕ್ಕಮ್ಮನ ಮಗಳಾದ್ರೂ ಹೌದಲ್ಲ? ಸಾಕು," ಎನ್ನುತ್ತಿದ್ದರು. ಗಂಡು ಇದ್ದ ಶೆಡ್ಡಿನ ಹತ್ತಿರ ಮಾತ್ರ ಸುಳಿಯುತ್ತಿರಲಿಲ್ಲ. ಬೆದೆಯ ಗಂಡಿನ ನಾತ ಅಂಥದ್ದು. ಜಿಡ್ಡುಜಿಡ್ಡಾದ, ಹಳಸಿದ, ಬಟ್ಟೆಗೆ ಹತ್ತಿದರೆ ಬಿಡದ ನಾತ. ಗಂಡನ ಜಾಕೆಟ್ಟಿನಿಂದ ನನ್ನ ಕೋಟಿಗೆ, ಕೋಟಿನಿಂದ ಆಫೀಸಿಗೆ ಬಂದಿತ್ತು. ಮೀಟಿಂಗಿನಲ್ಲಿ ನಾನೇ ಕುರ್ಚಿಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಿದ್ದೆ.

"ನಾವು ಎರಡು ಬಂಗುಡೆ ಮೀನು ಕಾಯಿಸಿದ್ರೆ ಕಿಟಕಿ ತೆಗೀಬೇಕಂತೆ," ಅತ್ತೆ ಅಂದರು. "ಇದಕ್ಕೆ ಎಂಥ ತೆಗೆಯುವುದು, ಮಾಡಿನ ಹಂಚಾ?"

"ಅಮ್ಮ, ಮೆಲ್ಲ."

"ಯಾರಿಗೆ ಮೆಲ್ಲ? ಕೆಳಗೆ ಯಾರುಂಟು? ಆ ಅಜ್ಜಿ ಆಸ್ಪತ್ರೆಯಲ್ಲಿ."

ಅವನು ಆದರೂ ಮೆಲ್ಲಗೇ ಮಾತಾಡುತ್ತಿದ್ದ. ನಾನೂ. ಖಾಲಿ ಮನೆಯಲ್ಲಿ ನಾವು ಮೂವರು ಕಾಲ್ಬೆರಳಲ್ಲಿ ನಡೆಯುತ್ತಿದ್ದೆವು.

ಹೆಣ್ಣಿಗೆ ಬಾವು ಬಂದದ್ದನ್ನು ಅವನು ಮೊದಲು ನೋಡಿದ. ಬಾಲದ ಕೆಳಗೆ, ಹಣ್ಣಿನ ಹಾಗೆ. ಬೆದೆ ಎಂದು ಗೊತ್ತಾಯಿತು, ಬೆದೆ ಇಳಿಯುತ್ತದೆ ಎಂದುಕೊಂಡೆವು. ದನಕ್ಕೆ ಇಳಿಯುವುದಿಲ್ಲವೇ? ಇಳಿಯಲಿಲ್ಲ. ಅಜ್ಜಿಗೆ ಫೋನ್ ಮಾಡಿ ಕೇಳು ಎಂದೆ.

"ಹೇಗೆ ಕೇಳುವುದು ಮಾರಾಯ್ತಿ? ಮಲಗಿದ ಮುದುಕಿಯ ಹತ್ತಿರ, ನಿಮ್ಮ ಹೆಣ್ಣಿನ ಅಲ್ಲಿ ಊದಿದೆ ಅಂತ ಹೇಳ್ಲಿಕ್ಕುಂಟಾ? ನೀನೇ ಕೇಳು."

"ಕೀಲಿಕೈ ನಿನ್ನ ಹತ್ತಿರ ಉಂಟಲ್ಲ."

ಪ್ರತಿ ಫೋನಿನಲ್ಲೂ ಅವರು ಕೇಳುತ್ತಿದ್ದರು, ಬೇರೆ ಬೇರೆ ಇಟ್ಟಿದ್ದೀರಲ್ಲ? ಹೌದು, ಬೇರೆ ಬೇರೆ ಇಟ್ಟಿದ್ದೇವೆ. ಅವನ ಜರ್ಮನ್ ಆ ವಾಕ್ಯದಲ್ಲಿ ಎಂದೂ ತಪ್ಪುತ್ತಿರಲಿಲ್ಲ. ಹೆಣ್ಣು ತಿನ್ನುವುದು ಕಡಿಮೆ ಮಾಡಿತು. ಬಾಲದ ಕೂದಲು ಉದುರಿತು. ಒಂದು ದಿನ ಆಕಳಿಸಿದಾಗ ಒಸಡು ಬಿಳಿಚಿಕೊಂಡದ್ದು ಕಂಡು ಅವನು ಕ್ಲಾಸು ಬಿಟ್ಟು ಅದನ್ನು ಪೆಟ್ಟಿಗೆಯಲ್ಲಿಟ್ಟು ಪಶುವೈದ್ಯೆಯ ಬಳಿ ಒಯ್ದ. ನಾನೂ ರಜೆ ಹಾಕಿ ಹೋದೆ. ಹೋದೆ ಎಂದೇ ನನ್ನ ನೆನಪು. ಅವನು ಹೇಳುತ್ತಾನೆ, ನೀನು ಬರಲಿಲ್ಲ, ಎಲ್ಲ ಕೇಳಿದ್ದು ನನ್ನಿಂದ.

ವೈದ್ಯೆ ಹೇಳಿದ್ದರಲ್ಲಿ ಮಾತ್ರ ನಮಗೆ ಭಿನ್ನಮತವಿಲ್ಲ. ಹೆಣ್ಣು ಫೆರೆಟ್‌ಗೆ ಒಮ್ಮೆ ಬೆದೆ ಬಂದರೆ ಗಂಡು ಕೂಡುವವರೆಗೆ ಸಾಮಾನ್ಯವಾಗಿ ತಾನಾಗಿ ಇಳಿಯುವುದಿಲ್ಲ. ಒಳಗಿನ ಹಾರ್ಮೋನು ಏರಿ ಏರಿ ಮೂಳೆಯ ಮಜ್ಜೆಯನ್ನು ಒಣಗಿಸುತ್ತದೆ, ರಕ್ತ ಹುಟ್ಟುವುದು ನಿಲ್ಲುತ್ತದೆ. ಅದಕ್ಕೇ ಸಾಕುವವರು ಮೊದಲೇ ಚರ್ಮದಡಿ ಔಷಧ ಇಡಿಸುತ್ತಾರೆ, ಇಲ್ಲವೇ ಬೀಜನಾಳ ಕತ್ತರಿಸಿದ ಗಂಡಿನ ಜೊತೆ ಬಿಡುತ್ತಾರೆ. "ನೀವು ಬೇರೆ ಇಟ್ಟದ್ದು ಸರಿ," ಎಂದರಂತೆ ಆಕೆ. "ಬೇರೆ ಇಟ್ಟು ಸುಮ್ಮನಿದ್ದದ್ದು ಸರಿಯಲ್ಲ." ಬೆದೆ ಇಳಿಸುವ ಸೂಜಿ ಚುಚ್ಚಿದರು. ತಡವಾಗಿದೆ, ಕೆಲಸ ಮಾಡಿದರೆ ಮಾಡಿತು ಎಂದರು. ಈಗ ಗಂಡಿನ ಹತ್ತಿರ ಬಿಡಲೇಬೇಡಿ. ಅದು ಕತ್ತು ಕಚ್ಚಿ ಎಳೆದಾಡುತ್ತದೆ, ಇದು ತಡೆದುಕೊಳ್ಳುವ ಸ್ಥಿತಿಯಲ್ಲಿಲ್ಲ.

ಆಮೇಲೆ ಅವನು ಕ್ಲಾಸಿಗೆ ಹೋಗಲಿಲ್ಲ. ನೆಲಮಾಳಿಗೆಯಲ್ಲಿ ಮಗುಚಿದ ಬಕೆಟ್ಟಿನ ಮೇಲೆ ಕೂತು, ಕೋಳಿಮಾಂಸವನ್ನು ನುಣ್ಣಗೆ ಅರೆದು ಬೆರಳಲ್ಲಿ ನೆಕ್ಕಿಸುತ್ತಿದ್ದ. ಹೊರಗೆ ಹಗಲು ಉದ್ದವಾಗುತ್ತಿತ್ತು. ಬೆಳಕು ಹೆಚ್ಚಿದಷ್ಟೂ ಇವುಗಳ ಬೆದೆ ಹೆಚ್ಚುತ್ತದೆಂದು ಎಲ್ಲೋ ಓದಿ ಕಿಟಕಿಯ ಷಟರ್ ಇಳಿಸಿಬಿಟ್ಟಿದ್ದ. ಆ ಕತ್ತಲಿಗೆ ನಾನು ಚಹಾ ತೆಗೆದುಕೊಂಡು ಹೋದಾಗ ಅಂದ:

"ಇದು ಸತ್ರೆ ನಾನು ಊರಿಗೆ ಹೋಗ್ತೇನೆ."

"ಒಂದು ಮುಂಗುಸಿಗೋಸ್ಕರವಾ?"

"ಮತ್ತೆ ಸಾಯಿಸ್ಲಿಕ್ಕೆ ಬೇರೆ ಎಂಥ ಕೊಟ್ಟಿದ್ದಾರೆ ಇಲ್ಲಿ ನಂಗೆ?"

ನಗಬೇಕೆಂದು ಹೇಳಿದನೋ ಏನೋ. ನಾನು ನಗಲಿಲ್ಲ. ಮೇಲಿನಿಂದ ಅತ್ತೆ ಕೂಗಿದರು, "ಜೋಡಿಯನ್ನು ಅಗಲಿಸಿ ಇಟ್ಟಿದ್ದೀರಿ, ಆಮೇಲೆ ಡಾಕ್ಟ್ರು, ಸೂಜಿ! ಒಟ್ಟಿಗೆ ಬಿಡಿ ಮಾರಾಯ್ರೇ, ಅದಕ್ಕೆ ಗೊತ್ತುಂಟು ಎಂಥ ಮಾಡ್ಬೇಕಂತ."

"ಡಾಕ್ಟ್ರು ಬೇಡ ಅಂದಿದ್ದಾರೆ ಅಮ್ಮ!"

"ನಿಮಗೆ ಇಲ್ಲಿ ಯಾರು ಎಂಥ ಬೇಡ ಅಂದ್ರೂ ಬೇಡವೇ."

ಇದನ್ನೆಲ್ಲ ಹೇಳಿದಾಗ ಕೇಳುವವರು ತಲೆಯಾಡಿಸುತ್ತಾರೆ. ಪಂಜರ, ವೀಸಾ, ಬಾಡಿಗೆ ಮನೆ, ಹೆಣ್ಣು, ಅವರೇ ಜೋಡಿಸಿಕೊಳ್ಳುತ್ತಾರೆ. ನಾನು ಹಾಗೆ ಜೋಡಿಸಲಾರೆ. ಸಾಯುತ್ತಿದ್ದದ್ದು ನಾವಲ್ಲ. ನಾವು ಮೂರು ಹೊತ್ತು ಉಣ್ಣುತ್ತಿದ್ದೆವು. ಅದು ಉಣ್ಣುತ್ತಿರಲಿಲ್ಲ.

ಸೂಜಿಯ ನಂತರದ ಭಾನುವಾರ ಬೆಳಿಗ್ಗೆ ನೆಲಮಾಳಿಗೆಯ ಗೂಡು ಖಾಲಿಯಿತ್ತು. ಗೂಡಿನ ಬಾಗಿಲು ತೆರೆದಿತ್ತು, ಷಟರ್ ಅರ್ಧ ಮೇಲಿತ್ತು, ಕಿಟಕಿ ಓರೆಯಾಗಿ ತೆರೆದಿತ್ತು. ಅವನು ಬರಿಗಾಲಲ್ಲಿ ತೋಟಕ್ಕೆ ಓಡಿದ. ಶೆಡ್ಡಿನ ಚಿಲಕ ಸರಿದಿತ್ತು. ಗಂಡಿನ ಮಲಗುವ ಪೆಟ್ಟಿಗೆಯೊಳಗೆ ಎರಡೂ ಒಂದರ ಮೇಲೊಂದು ಸುತ್ತಿಕೊಂಡಿದ್ದವು. ಹೆಣ್ಣಿನ ಹಿಂಗತ್ತಿನ ಕೂದಲು ಒದ್ದೆಯಾಗಿ ಅಂಟಿತ್ತು. ಸತ್ತಿದೆ ಎಂದುಕೊಂಡೆ. ಅವನು ಕೈ ಹಾಕಿದ. ಅದು ಅವನ ಹೆಬ್ಬೆರಳನ್ನು ಕಚ್ಚಿತು. ಅಷ್ಟು ಖುಷಿಯಲ್ಲಿ ಯಾರಾದರೂ ಕಚ್ಚಿಸಿಕೊಂಡದ್ದನ್ನು ನಾನು ಬೇರೆಲ್ಲೂ ನೋಡಿಲ್ಲ.

ಆಮೇಲೆ ನನ್ನ ಕಡೆ ತಿರುಗಿದ. "ನೀನಾ?"

"ನಾನಾ? ನಿನ್ನ ಕಿಸೆಯಲ್ಲಿ ಕೀಲಿಕೈ."

"ನಾನು ಊರಿಗೆ ಹೋಗಬಾರದು ಅಂತ ನೀನೇ ಬಿಟ್ಟಿದ್ದಿ."

"ನಿನ್ನ ಅಮ್ಮನನ್ನು ಕೇಳು."

ಅತ್ತೆ ದೋಸೆ ಮಗುಚುತ್ತಿದ್ದರು. "ನಾನು ಆ ನಾತದ ಹತ್ತಿರ ಹೋಗುವವಳಾ? ನಿಮ್ಮ ಮುಂಗುಸಿ ತಾನೇ ಹೋಗಿರ್ತದೆ. ಕಾಲಿಲ್ವಾ ಅದಕ್ಕೆ?" ಎಂದರು. ದೋಸೆಯಿಂದ ಕಣ್ಣೆತ್ತಲಿಲ್ಲ. ಕಣ್ಣೆತ್ತದೆ ಇದ್ದದ್ದಕ್ಕೆ ಅರ್ಥವಿತ್ತೋ, ದೋಸೆ ಹೊತ್ತುತ್ತಿತ್ತೋ.

ಒಂದು ವಾರದಲ್ಲಿ ಬಾವು ಇಳಿಯಿತು. ಒಸಡಿಗೆ ನಿಧಾನವಾಗಿ ಬಣ್ಣ ಬಂತು. ಮರಿಗಳಾಗಲಿಲ್ಲ. ಮರಿಗಳಾಗದ್ದರಿಂದ ಏನೂ ಸಾಬೀತಾಗುವುದಿಲ್ಲ ಎಂದರು ವೈದ್ಯೆ: ಗಂಡು ಕೂಡಿದರೂ ಬೆದೆ ಇಳಿದು ಮರಿ ನಿಲ್ಲದೆ ಇರಬಹುದು, ಸೂಜಿಯಿಂದಲೂ ಇಳಿದಿರಬಹುದು. ಬೇಸಿಗೆಯಲ್ಲಿ ಯಜಮಾನಿ ಊರುಗೋಲಿನಲ್ಲಿ ಮರಳಿದರು, ಹೆಣ್ಣನ್ನು ಎತ್ತಿ ತಿರುಗಿಸಿ ನೋಡಿ, ಹೇಳಿದ ಹಾಗೇ ಬೇರೆ ಬೇರೆ ಇಟ್ಟು ನೋಡಿಕೊಂಡಿದ್ದೀರಿ ಎಂದು ನನ್ನ ಗಂಡನ ಕೈ ಕುಲುಕಿದರು. ಅವನು ಹೌದು ಎಂದ. ಆ ವಾಕ್ಯ ಅವನಿಗೆ ಬಾಯಿಪಾಠವಾಗಿತ್ತು. ಮರುದಿನ ಕ್ಲಾಸಿನ ಬಸ್ಸು ಹತ್ತಿದ. ನಾನು ಇನ್ನೊಂದು ಬಸ್ಸು ಹತ್ತಿ ಆಫೀಸಿಗೆ ಹೋದೆ. ಊರಿಗೆ ಹೋಗುವ ಮಾತನ್ನು ಅವನು ಮತ್ತೆ ಎತ್ತಲಿಲ್ಲ. ಉಳಿಯುವ ಮಾತನ್ನೂ ಎತ್ತಲಿಲ್ಲ.

ಅವನು ಈಗಲೂ ನಾನೇ ಎನ್ನುತ್ತಾನೆ. ನಾನು ಅತ್ತೆ ಎನ್ನುತ್ತೇನೆ. ಅತ್ತೆ ಊರಿಂದ ಫೋನಿನಲ್ಲಿ, ನನ್ನ ಮಗನೇ ಮಾಡಿದ್ದು, ಹೇಳಲು ನಾಚಿಕೆ, ಎನ್ನುತ್ತಾರೆ. ಗೂಡಿನ ಕೊಕ್ಕೆ ಸರಿಯಾಗಿ ಕೂರುತ್ತಿರಲಿಲ್ಲ ಎಂಬುದೂ ನಿಜ. ಶೆಡ್ಡಿನ ಚಿಲಕವನ್ನು ಫೆರೆಟ್ ತೆಗೆಯಲಾರದು ಎಂಬುದೂ ನಿಜ. ಅದನ್ನು ಅಲ್ಲಿಗೆ ಒಯ್ದವರು ಯಾರೆಂದು ನನಗೆ ಗೊತ್ತಿಲ್ಲ. ಅದು ಬದುಕಿದ್ದು ಸೂಜಿಯಿಂದಲೋ ಗಂಡಿನಿಂದಲೋ, ಅದೂ ಗೊತ್ತಿಲ್ಲ.