ಪಾಲಿಗೆ ಬಾರದೆ ಉಳಿದ ಇಯರ್‌ಬಡ್ಸ್

ಅಪ್ಪನ ಸುಣ್ಣದ ಡಬ್ಬಿ ಎಲ್ಲಿ ಹೋಯಿತೋ ನನಗೆ ಗೊತ್ತಿಲ್ಲ, ಆದರೆ ಅದರ ಮೊಮ್ಮಗನಂಥದೊಂದು ಈಗ ನನ್ನ ಅಂಗಿಯ ಜೇಬಿನಲ್ಲಿದೆ. ಅಂಗೈಯಲ್ಲಿ ಅಡಗುವ ಅದೇ ಗಾತ್ರ, ಅದೇ ನುಣುಪು, ಹೆಬ್ಬೆರಳಿನಿಂದ ಮೀಟಿದರೆ ಟಕ್ಕೆಂದು ತೆರೆಯುವ ಅದೇ ಮುಚ್ಚಳ. ಒಳಗೆ ಮಾತ್ರ ಸುಣ್ಣದ ಬದಲು ಎರಡು ಬಿಳಿಯ ಇಯರ್‌ಬಡ್ಸ್. ಅಪ್ಪ ಹೊಸದುರ್ಗದ ನಮ್ಮ ಮನೆಯ ಜಗಲಿಯ ಮೇಲೆ ಕಂಬಕ್ಕೆ ಬೆನ್ನು ಕೊಟ್ಟು ಕೂತು, ಡಬ್ಬಿ ತೆರೆದು ಎಲೆಗೆ ಸುಣ್ಣ ಸವರುತ್ತ, ದಾರಿಯಲ್ಲಿ ಹೋಗುವವರ ಕಷ್ಟಸುಖವನ್ನೆಲ್ಲ ಕೇಳುತ್ತಿದ್ದ. ನಾನೂ ಅದೇ ಜಗಲಿಯ ಮೇಲೆ ಕೂತು ಡಬ್ಬಿ ತೆರೆಯುತ್ತೇನೆ, ದಾರಿಯಲ್ಲಿ ಹೋಗುವವರ ಮಾತು ಕಿವಿಗೆ ಬೀಳದಿರಲಿ ಎಂದು. ಒಂದು ತಲೆಮಾರಿನಲ್ಲಿ ನಾವು ಸಾಧಿಸಿದ ಪ್ರಗತಿ ಇಷ್ಟು.

ಈ ಪದಾರ್ಥದೊಡನೆ ನೀವೂ ಹೆಣಗಿದ್ದರೆ ನನ್ನ ಸಂಕಟ ನಿಮಗೆ ಬೇಗ ಅರ್ಥವಾದೀತು. ಡಬ್ಬಿಯ ಬೆನ್ನಿನ ಗುಂಡಿಯನ್ನು ಒತ್ತಿ ಹಿಡಿದು, ದೀಪ ಮಿನುಗುವವರೆಗೆ ಕಾದು, ಫೋನಿನ ಪಟ್ಟಿಯಲ್ಲಿ ಅದರ ಹೆಸರು ಮೂಡಿದೊಡನೆ ಮುಟ್ಟಿದರೆ ಸಂಬಂಧ ಕುದುರಿತು. ಜಾತಕ ಕೇಳುವುದಿಲ್ಲ, ಕುಲಗೋತ್ರ ಕೇಳುವುದಿಲ್ಲ. ಕುದುರಿದ ಮೇಲಿನ ಸಂಸಾರವೇ ಕಷ್ಟದ್ದು. ಸಂಜೆ ಸುದ್ದಿ ಕೇಳೋಣವೆಂದು ಕಿವಿಗಿಟ್ಟುಕೊಂಡರೆ ಒಳಗೆ ಮಗಳು ಟ್ಯಾಬ್ ತೆರೆದಿರುತ್ತಾಳೆ. ಮಾರಿಕಣಿವೆ ಜಲಾಶಯದ ನೀರಿನ ಮಟ್ಟ ಹೇಳುತ್ತಿದ್ದ ಗಂಭೀರ ಧ್ವನಿ ನಡುವೆಯೇ ಕಳಚಿಕೊಂಡು, ಯಾರೋ ಹುಡುಗಿ ನನಗೆ ಹುಬ್ಬು ತಿದ್ದಿಕೊಳ್ಳುವ ಬಗೆಯನ್ನು ಕಲಿಸತೊಡಗುತ್ತಾಳೆ. ನಾನು ವಿಜ್ಞಾನ ಕಲಿಸುವ ಶಾಲೆಯ ಕಂಪ್ಯೂಟರಿನದು ಇನ್ನೊಂದು ಬಗೆಯ ಹಟ. ಅದರ ಪಟ್ಟಿಯಲ್ಲಿ ಹೆಸರಿದೆ, ಎದುರಿಗೆ ‘ಸಂಪರ್ಕಗೊಂಡಿದೆ’ ಎಂದು ಬರೆದೂ ಇದೆ, ಸದ್ದು ಮಾತ್ರ ಬಾರದು. ಸಂಪರ್ಕವಿದ್ದೂ ಮಾತಿಲ್ಲದ ಈ ಸ್ಥಿತಿ ನನಗೇನೂ ಹೊಸದಲ್ಲ. ನನ್ನ ಒಡಹುಟ್ಟಿದ ಅಣ್ಣನೂ ನಾನೂ ಒಂದೇ ಗೋಡೆಯ ಆಚೀಚೆ ಹಾಗೆಯೇ ಬದುಕುತ್ತಿದ್ದೆವು.

ನಾವು ಜಗಳವಾಡಿರಲಿಲ್ಲ, ಪಾಲಾಗಿದ್ದೆವು ಅಷ್ಟೆ. ನಮ್ಮ ಕಡೆ ಪಾಲಿಗೆ ಒಂದು ಕಟ್ಟಳೆಯಿದೆ. ಹಿರಿಯನಾದವನು ಆಸ್ತಿಯನ್ನು ಎರಡಾಗಿ ವಿಂಗಡಿಸಬೇಕು, ಕಿರಿಯನಾದವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳಬೇಕು. ವಿಂಗಡಿಸಿದವನು ತನಗೆ ಯಾವುದು ಬೇಕೆಂದು ಬಾಯಿಬಿಡಬಾರದು, ಆರಿಸುವವನು ಕೇಳಲೂ ಬಾರದು. ಅಣ್ಣ ಮನೆಯನ್ನು ತೂಗಿ ನೋಡಿದಂತೆ ಎರಡು ಮಾಡಿದ: ಮುಂದಿನ ಅರ್ಧಕ್ಕೆ ಜಗಲಿ ಮತ್ತು ಬೀದಿ, ಹಿಂದಿನ ಅರ್ಧಕ್ಕೆ ಬಾವಿ, ಹುಣಸೆಮರ ಮತ್ತು ಬಯಲು. ಕುರಿ ಸಾಕುವ ಅಣ್ಣನಿಗೆ ಹಿತ್ತಿಲ ಬಯಲು ಬೇಕಾದೀತೆಂದು ಯೋಚಿಸಿ ನಾನು ಮುಂದಿನದನ್ನು ಆರಿಸಿದೆ. ಅಣ್ಣನೋ, ಹುಣಸೆಮರದ ಕೆಳಗೇ ಬೆಳೆದ ನಾನು ಹಿಂದಿನದನ್ನು ಬಿಟ್ಟುಕೊಡಲಾರೆನೆಂದು ಯೋಚಿಸಿ, ಅಪ್ಪ ಕೂರುತ್ತಿದ್ದ ಜಗಲಿ ತನಗೇ ಉಳಿಯುತ್ತದೆಂದು ನಂಬಿಕೊಂಡಿದ್ದ. ಇಬ್ಬರೂ ಇನ್ನೊಬ್ಬರ ಮನಸ್ಸನ್ನು ಅರ್ಥಮಾಡಿಕೊಂಡಿದ್ದೆವು, ಇಬ್ಬರೂ ತಪ್ಪಾಗಿ. ಊರ ಹಿರಿಯರು ನ್ಯಾಯವಾಯಿತೆಂದು ತಲೆದೂಗಿ ಊಟ ಮಾಡಿ ಹೋದರು. ಜಗಳಕ್ಕೆ ಕಾರಣವೇ ಇರಲಿಲ್ಲ, ಆದ್ದರಿಂದ ಅದನ್ನು ಬಗೆಹರಿಸುವ ದಾರಿಯೂ ಇರಲಿಲ್ಲ. ನಡುಬಾಗಿಲಿಗೆ ಇಟ್ಟಿಗೆ ಬಿತ್ತು, ಅಣ್ಣನ ಮಾತು ನಿಂತಿತು, ನಾನೇನು ಕಡಿಮೆ ಎಂದು ನನ್ನದೂ ನಿಂತಿತು. ಅಣ್ಣನಿಗೆ ಜಗಲಿಯ ಆಸೆಯಿತ್ತೆಂಬುದು ಆಮೇಲೆ ಅತ್ತಿಗೆಯ ಬಾಯಿಂದ ನನ್ನ ಹೆಂಡತಿಗೆ, ಅವಳಿಂದ ನನಗೆ ತಿಳಿಯಿತು. ಹೆಂಗಸರಿಬ್ಬರೂ ಮಾತು ನಿಲ್ಲಿಸುವ ಗೋಜಿಗೆ ಹೋಗಿರಲಿಲ್ಲ.

ಒರಳುಕಲ್ಲಿನಿಂದ ಹಿಡಿದು ಅಪ್ಪನ ಅಡಿಕೆ ಕತ್ತರಿಯವರೆಗೆ ಎಲ್ಲವನ್ನೂ ಪಾಲು ಮಾಡಿದ ಹಿರಿಯರು ಒಂದನ್ನು ಮರೆತಿದ್ದರು. ಪಾಲಿಗೆ ಸ್ವಲ್ಪ ಮುಂಚೆ ನಾನು ಚಿತ್ರದುರ್ಗದಲ್ಲಿ ಈ ಇಯರ್‌ಬಡ್ಸ್ ಕೊಂಡಾಗ ಕುರಿಗಳಿಗೆ ಔಷಧಿ ತರಲೆಂದು ಅಣ್ಣನೂ ಜೊತೆಗೆ ಬಂದಿದ್ದ. ನನ್ನ ಫೋನಿನಲ್ಲಿ ಚಾರ್ಜ್ ಇರಲಿಲ್ಲ. ಅಂಗಡಿಯವನು ಅಣ್ಣನ ಫೋನನ್ನೇ ಇಸಿದುಕೊಂಡು, ಅದಕ್ಕೆ ಜೋಡಿಸಿ, ಒಂದು ಹಾಡು ಹಾಕಿ, ಸರಿಯಿದೆ ಎಂದು ತೋರಿಸಿಕೊಟ್ಟ. ಹೀಗೆ ಇವುಗಳ ಮೊದಲ ನಂಟು ಅಣ್ಣನ ಜೊತೆಗೆ, ನನ್ನದು ಎರಡನೆಯದು. ಮನುಷ್ಯರಂತಲ್ಲ ಇವು, ಒಮ್ಮೆ ಜೊತೆಯಾದವರನ್ನು ಮರೆಯಲು ಇವುಗಳಿಗೆ ಬಿಡಿಸಿ ಹೇಳಬೇಕು. ಸಾಲದ್ದಕ್ಕೆ ಏಕಕಾಲಕ್ಕೆ ಎರಡು ಯಂತ್ರಗಳ ಸಂಗ ಮಾಡುವ ಜಾತಿಯವು. ಒಂದು ಜಾಗ ನನ್ನ ಫೋನಿಗೆ, ಇನ್ನೊಂದು ಜಾಗ ಹತ್ತಿರದಲ್ಲಿ ಯಾರು ಸಿಕ್ಕರೆ ಅವರಿಗೆ.

ಚಳಿ ಬಂತು. ಬಾವಿಯ ಕಡೆಯ ಗಾಳಿ ತಾಳಲಾರದೆ ಅಣ್ಣ ತನ್ನ ಮಂಚವನ್ನು ನಡುಗೋಡೆಗೆ ಒತ್ತಿ ಹಾಕಿಕೊಂಡ. ಒಂದು ಸಂಜೆ ನಾನು ಜಗಲಿಯಲ್ಲಿ ಸುದ್ದಿ ಕೇಳುತ್ತಿದ್ದಾಗ ಕಿವಿಯೊಳಗೆ ಫೋನು ಹೊಡೆದುಕೊಂಡಿತು. ನಾನು ಏನನ್ನೂ ಮುಟ್ಟುವ ಮೊದಲೇ ಧರ್ಮಪುರಕ್ಕೆ ಕೊಟ್ಟ ನಮ್ಮಕ್ಕ ಮಾತಾಡತೊಡಗಿದಳು. ಅವಳು ಅಣ್ಣನಿಗಿಂತ ಚಿಕ್ಕವಳು, ನನಗಿಂತ ದೊಡ್ಡವಳು.

“ಅಣ್ಣ, ಶೇಂಗಾ ಕಿತ್ತಿದ್ದಾತು. ನೀನು ಹೆಂಗಿದೀಯ?”

“ಅಕ್ಕ, ನಾನು” ಎಂದೆ. ಅದೇ ಹೊತ್ತಿಗೆ ಗೋಡೆಯಾಚೆಯಿಂದ ಅಣ್ಣನ ದನಿ ಕೇಳಿತು: “ಹಲೋ, ಹಲೋ, ಯಾರು?”

ಎರಡೂ ದನಿ ಅಕ್ಕನಿಗೆ ಕೇಳಿದವು. “ಅಣ್ಣನ ಫೋನು ನೀನು ಎತ್ತಿದೀಯೇನಲೇ? ಅವನೂ ಅಲ್ಲೇ ಅವ್ನೆ. ಹಂಗಾರೆ ಮಾತಾಡ್ತಿದೀರಾ ಇಬ್ರೂ? ದೇವ್ರು ದೊಡ್ಡೋನು ಕಣಪ್ಪ” ಎಂದು ಅಲ್ಲಿಯೇ ಅಳತೊಡಗಿದಳು. ಅಳುವ ಅಕ್ಕನಿಗೆ ಬ್ಲೂಟೂತ್ ವಿವರಿಸುವ ಪಾಠ ಯಾವ ತರಬೇತಿಯಲ್ಲೂ ನನಗೆ ಸಿಕ್ಕಿರಲಿಲ್ಲ. ಹೂಂ ಅಂದೆ.

ಏನಾಗಿದೆ ಎಂದು ತಿಳಿಯುವುದು ವಿಜ್ಞಾನದ ಮೇಷ್ಟ್ರಿಗೆ ಕಷ್ಟವಾಗಲಿಲ್ಲ. ಅಣ್ಣನ ಫೋನು ಗೋಡೆಯ ಆಚೆಯಿಂದಲೇ ತನ್ನ ಹಳೆಯ ನಂಟನ್ನು ಗುರುತು ಹಿಡಿದಿತ್ತು. ಅವನು ಎತ್ತಿದ ಕರೆಯ ಸದ್ದೆಲ್ಲ ನನ್ನ ಕಿವಿಗೆ, ಅವನ ಕೈಯಲ್ಲಿ ಬರೀ ಮೂಕ ಫೋನು. ಡಬ್ಬಿಯ ಗುಂಡಿಯನ್ನು ತುಸು ಹೆಚ್ಚು ಹೊತ್ತು ಒತ್ತಿ ಹಿಡಿದಿದ್ದರೆ ಹಳೆಯದೆಲ್ಲ ಅಳಿಸಿಹೋಗುತ್ತಿತ್ತು. ನಾನು ಒತ್ತಲಿಲ್ಲ. ಅಕ್ಕ ಮತ್ತೆ ಮಾಡಿದರೆ ಅವಳಿಗೆ ಬೇಸರವಾಗದಿರಲಿ ಎಂದು ನನಗೆ ನಾನೇ ಹೇಳಿಕೊಂಡೆ. ಗೋಡೆಯಾಚೆ ಅಣ್ಣ ಅಂದ ಆ ‘ಹಲೋ’ ನನಗೇ ಅಂದಂತೆ ಕೇಳಿ, ಎದೆಯಲ್ಲಿ ಏನೋ ಆಯಿತು ಎಂಬುದನ್ನು ನಿಮಗೆ ಮಾತ್ರ ಹೇಳುತ್ತಿದ್ದೇನೆ. ಅಕ್ಕನೂ ಸಂಜೆ ಸಂಜೆ ಅಣ್ಣನ ನಂಬರಿಗೇ ಮಾಡುತ್ತ, ಇಬ್ಬರೂ ಚೆನ್ನಾಗಿದ್ದಾರೆಂದು ಸಂತೋಷಪಡುತ್ತಿದ್ದಳು.

ಹೀಗಿರುವಾಗ ಒಂದು ದಿನ ನನ್ನ ಹೆಂಡತಿ ಬಾವಿಕಟ್ಟೆಯಿಂದ ಸುದ್ದಿ ತಂದಳು. “ಭಾವ ಕುರಿ ಮಾರ್ತಾರಂತೆ. ಕಿವಿ ಹೋಗ್ಯಾವಂತೆ, ಫೋನಿನಾಗೆ ಒಂಚೂರೂ ಕೇಳಲ್ವಂತೆ. ಕುರಿ ಕಾಯೋನಿಗೆ ಕಿವಿ ಇಲ್ದಿದ್ರೆ ತೋಳ ಬಂದಿದ್ದೂ ಗೊತ್ತಾಗಲ್ಲ ಅಂದ್ರಂತೆ. ನಾಳೆ ಬೆಳಗ್ಗೆ ಹಿರಿಯೂರಿನೋನು ಬಂದು ಅಷ್ಟೂ ತಗಂಡು ಹೋಗ್ತಾನಂತೆ.”

ಗುಡ್ಡದ ಮೇಲೆ ಮೇಯುವ ಟಗರಿನ ಗಂಟೆಯನ್ನು ಮನೆಯಲ್ಲಿ ಕೂತು ಗುರುತಿಸುವ ಮನುಷ್ಯ ಅವನು. ಹಾಗಿದ್ದೂ ಅಂಗೈಯಲ್ಲಿರುವ ಯಂತ್ರ ಸುಮ್ಮನಿದ್ದುದಕ್ಕೆ ತನ್ನ ಕಿವಿಯನ್ನೇ ಅನುಮಾನಿಸಿದ್ದ. ಅತ್ತಿಗೆಯ ಮಾತು ಕೇಳುತ್ತದಲ್ಲ ಎಂದರೆ, ಅವಳು ಕೂಗೋದೇ ಹಂಗೆ ಎಂದನಂತೆ. ಫೋನು ಸುಳ್ಳು ಹೇಳೀತು ಎಂದು ಯಾರಿಗೂ ಹೊಳೆಯುವುದಿಲ್ಲ; ಈ ಕಾಲದಲ್ಲಿ ನಮ್ಮ ಇಂದ್ರಿಯಗಳು ಯಂತ್ರದ ಒಪ್ಪಿಗೆ ಪಡೆದೇ ಕೆಲಸ ಮಾಡಬೇಕಾಗಿ ಬಂದಿದೆ. ಹಾಗೆಲ್ಲ ತತ್ವ ಹೇಳಿಕೊಂಡು ನಾನು ಜಗಲಿಯಲ್ಲಿ ಕೂರಬಹುದಿತ್ತು, ಆದರೆ ಕುರಿಗಳಿಲ್ಲದ ಅಣ್ಣ ಹೇಗಿರುತ್ತಾನೆ ಎಂದು ಒಂದು ಸಲ ಯೋಚಿಸಿದ ಮೇಲೆ ಕೂರಲಾಗಲಿಲ್ಲ. ಗುಟ್ಟಾಗಿ ಗುಂಡಿ ಒತ್ತಿ ಎಲ್ಲ ಅಳಿಸುವ ಉಪಾಯವೂ ಇತ್ತು. ಆದರೆ ಅವನಿಗೆ ಮುಂದಿನ ಕರೆ ಬರುವ ಹೊತ್ತಿಗೆ ಕುರಿಗಳ ರೊಪ್ಪ ಖಾಲಿಯಾಗಿರುತ್ತಿತ್ತು.

ಬೆಳಗ್ಗೆ ಎದ್ದು, ಬೀದಿ ಸುತ್ತಿಕೊಂಡು ಹಿಂದಿನ ಮನೆಗೆ ಹೋದೆ. ಒಂದು ಬಾಗಿಲಿನಷ್ಟು ಹತ್ತಿರದ ಜಾಗಕ್ಕೆ ಇಡೀ ಓಣಿ ಸುತ್ತಿ ಹೋಗುವುದೆಂದರೆ ನಾಚಿಕೆಯೇ. ಅಣ್ಣ ಕಂಬಳಿ ಹೊದ್ದು ರೊಪ್ಪದಲ್ಲಿ ನಿಂತಿದ್ದ. ನನ್ನನ್ನು ನೋಡಿ, ನೋಡದವನಂತೆ ಟಗರಿನ ಬೆನ್ನು ಸವರುತ್ತ ಅದಕ್ಕೇ ಹೇಳಿದ: “ಯಾರೋ ಬಂದವ್ರೆ ನೋಡು.”

“ಅಣ್ಣ, ನಿನ್ನ ಕಿವಿ ಕೆಟ್ಟಿಲ್ಲ.”

“ಮೇಷ್ಟ್ರು ಡಾಕ್ಟ್ರು ಯಾವಾಗ ಆದ್ರಂತೆ ಕೇಳು” ಎಂದು ಅದನ್ನೂ ಟಗರಿಗೇ ಹೇಳಿದ.

ನಾನು ವಿವರಿಸಿದೆ. ಅಲೆಗಳ ಬಗ್ಗೆ ತರಗತಿಯಲ್ಲಿ ಹೇಳುವುದನ್ನೆಲ್ಲ ಹೇಳಿದೆ. ಅಣ್ಣನಿಗಿಂತ ಟಗರು ಹೆಚ್ಚು ಗಮನವಿಟ್ಟು ಕೇಳಿತು. ಕೊನೆಗೆ ಡಬ್ಬಿ ತೆರೆದು ಎರಡನ್ನೂ ಅವನ ಕಿವಿಗಿಟ್ಟೆ. ಅವನು ಬೇಡವೆನ್ನಲಿಲ್ಲ. ನಾನು ನನ್ನ ಫೋನಿನ ಬ್ಲೂಟೂತ್ ನಿಲ್ಲಿಸಿ, ಅದರಿಂದ ಅವನಿಗೆ ಕರೆ ಮಾಡಿ, ಮಾರು ದೂರದಲ್ಲಿ ನಿಂತು, ಮಾತು ಬಿಟ್ಟ ಮೇಲೆ ಮೊದಲ ಸಲ ಅವನ ನಂಬರಿನಲ್ಲಿ ಅವನೊಡನೆಯೇ ಮಾತಾಡಿದೆ.

“ಅಣ್ಣ, ಕೇಳ್ತೈತಾ?”

“ಹೂಂ” ಎಂದ. ನನ್ನ ಕಡೆ ತಿರುಗಿ, “ಎರಡೆರಡು ಸಲ ಕೇಳ್ತೈತೆ” ಎಂದ. ಕಿವಿ ಮುಟ್ಟಿಕೊಂಡು, “ಹಂಗಾರೆ ಇಷ್ಟು ದಿನ ನನ್ನ ಕಿವಿ ನಿನ್ನ ಜೇಬಿನಾಗಿತ್ತು. ತಂಗಿ ಹತ್ರ ಮಾತಾಡ್ತಿದ್ದೋನು ನೀನಾ?”

“ನಾವಿಬ್ರೂ ಸರಿಹೋದ್ವಿ ಅಂತ ಅಕ್ಕ ಅತ್ಲು. ಇಲ್ಲ ಅನ್ನಾಕೆ ಬಾಯಿ ಬರ್ಲಿಲ್ಲ.”

ಅಣ್ಣ ಕಂಬಳಿಯ ತುದಿಯಿಂದ ಮುಖ ಒರೆಸಿಕೊಂಡ. ಆಮೇಲೆ ಇಯರ್‌ಬಡ್ಸ್ ತೆಗೆದು, “ಗಾಡಿ ಬಂತು” ಎಂದ. ನನಗೇನೂ ಕೇಳಿಸಿರಲಿಲ್ಲ, ಸ್ವಲ್ಪ ಹೊತ್ತಿನ ಮೇಲೆ ಓಣಿಯ ತಿರುವಿನಲ್ಲಿ ಹಿರಿಯೂರಿನವನ ಟೆಂಪೋ ಕಾಣಿಸಿತು. “ನನ್ನ ಕಿವಿ ಸಿಕ್ಕಾವೆ, ಕುರಿ ಕೊಡಲ್ಲ. ಚಾ ಕುಡ್ಕಂಡು ಹೋಗ್ರಿ” ಎಂದು ಅಣ್ಣ ಹೇಳಿದ್ದನ್ನು ಆ ವ್ಯಾಪಾರಿ ಏನೆಂದು ತಿಳಿದನೋ, ಚಹಾ ಮಾತ್ರ ಕುಡಿದು ಹೋದ.

ಇನ್ನು ತೊಂದರೆಯಾಗದಿರಲಿ ಎಂದು ನಾನು ಅಣ್ಣನ ಫೋನು ತೆಗೆದುಕೊಂಡೆ. ಅಲ್ಲೊಂದು ಸಾಲು ಮೂಡಿತು. ಏನು ಬರೆದಿದೆ ಎಂದು ಅವನು ಕೇಳಿದ. “ಈ ಸಾಧನವನ್ನು ಮರೆತುಬಿಡಿ” ಎಂದು ಓದಿದೆ.

“ಬ್ಯಾಡ ತೆಗಿ” ಎಂದ ಅಣ್ಣ. “ಇವನ್ನ ತಂದಿದ್ದು ಪಾಲಿಗೆ ಮುಂಚೆ. ಮೊದ್ಲು ಹಾಡಿದ್ದು ನನ್ನ ಫೋನಿನಾಗೆ. ಇದು ಪಾಲಿಗೆ ಬಂದಿಲ್ಲ.” ಎರಡನ್ನೂ ಒಂದೊಂದು ಅಂಗೈಯಲ್ಲಿಟ್ಟು ನನ್ನ ಮುಂದೆ ಚಾಚಿದ. “ಹಿರೇನು ಪಾಲು ಹಾಕೀನಿ. ಆರಿಸ್ಕ.”

ಕಟ್ಟಳೆಯ ಪ್ರಕಾರ ನಾನು ಕೈ ಚಾಚಬೇಕಿತ್ತು. ಚಾಚಲಿಲ್ಲ. “ನಿಂಗ್ಯಾವ್ದು ಬೇಕಣ್ಣ?” ಎಂದೆ.

“ಹಂಗೆ ಕೇಳಂಗಿಲ್ಲ.”

“ಕೇಳ್ತಿದೀನಿ.”

ಅಣ್ಣ ಒಂದು ಅಂಗೈ ಮುಚ್ಚಿಕೊಂಡ. “ಬಲಗಿವೀದು” ಎಂದ. ಆಮೇಲೆ ಹುಣಸೆಮರದ ಕಡೆ ತಿರುಗಿ, ಯಾರಿಗೂ ಹೇಳದವನಂತೆ, “ಮತ್ತೆ ಆ ಜಗಲಿ ಕಂಬ” ಎಂದ.

ನಡುಗೋಡೆ ಇನ್ನೂ ಇದೆ. ಕಟ್ಟುವಾಗ ಸಿಮೆಂಟು ಚೆನ್ನಾಗಿ ಬಿದ್ದಿದೆ. ಸಂಜೆಯಾದರೆ ಅಣ್ಣ ಓಣಿ ಸುತ್ತಿಕೊಂಡು ಬಂದು ಜಗಲಿಯಲ್ಲಿ ಅಪ್ಪನ ಕಂಬಕ್ಕೆ ಬೆನ್ನು ಕೊಟ್ಟು ಕೂರುತ್ತಾನೆ. ಬಲಗಡೆಯದು ಅವನ ಕಿವಿಯಲ್ಲಿ, ಎಡಗಡೆಯದು ನನ್ನ ಕಿವಿಯಲ್ಲಿ. ಬರಿದಾದ ಇನ್ನೊಂದೊಂದು ಕಿವಿಗೆ ದಾರಿಯಲ್ಲಿ ಹೋಗುವವರ ಮಾತೂ ಬೀಳುತ್ತದೆ. ಬಿಳಿಯ ಡಬ್ಬಿ ಬಾಯಿ ತೆರೆದುಕೊಂಡು ನಮ್ಮಿಬ್ಬರ ನಡುವೆ, ಅಪ್ಪ ಸುಣ್ಣದ ಡಬ್ಬಿ ಇಡುತ್ತಿದ್ದ ಜಾಗದಲ್ಲಿ ಕೂತಿರುತ್ತದೆ. ಧರ್ಮಪುರದಿಂದ ಅಕ್ಕ ಎಂದಿನಂತೆ, “ಇಬ್ರೂ ಇದೀರೇನ್ರೋ?” ಎಂದು ಕೇಳುತ್ತಾಳೆ. ಇಬ್ಬರೂ ಒಟ್ಟಿಗೆ ಹೂಂ ಅನ್ನುತ್ತೇವೆ, ನನಗೆ ಅದು ಎರಡು ಸಲ ಕೇಳುತ್ತದೆ, ಒಂದು ನನ್ನ ಬಾಯಿಂದ, ಒಂದು ಅಣ್ಣನ ಬಾಯಿಂದ.