ಆನ್ ಅಂದರೆ ಆಫ್

ಮೈಸೂರಿನ ಸಣ್ಣ ಕಂಪನಿಯೊಂದರಲ್ಲಿ ನಾನು ಮೊಬೈಲ್ ಆ್ಯಪ್‌ಗಳ ಪರದೆ ವಿನ್ಯಾಸ ಮಾಡುತ್ತೇನೆ. ಹೊಲದ ಪಂಪ್‌ಸೆಟ್ಟನ್ನು ಫೋನಿನಿಂದಲೇ ಓಡಿಸುವ ಆ್ಯಪ್‌ಗೆ ಒಂದೇ ಒಂದು ಗುಂಡಿ ಇಟ್ಟಿದ್ದೆ. ಎರಡು ಗುಂಡಿ ಇಡುವುದು ಹಳೇ ಕಾಲದವರ ಕೆಲಸವೆಂದು ಆಫೀಸಿನಲ್ಲಿ ಭಾಷಣವನ್ನೂ ಬಿಗಿದಿದ್ದೆ. ಮೋಟಾರು ನಿಂತಿದ್ದರೆ ಗುಂಡಿಯ ಮೇಲೆ ‘ಆನ್’ ಎಂದು ಬರುತ್ತಿತ್ತು. ಒತ್ತಿದರೆ ಆನ್ ಆಗುತ್ತದೆ ಎಂದರ್ಥ. ಓಡುತ್ತಿದ್ದರೆ ‘ಆಫ್’. ಇದು ಮಹಾ ಜಾಣತನ ಎಂದುಕೊಂಡಿದ್ದೆ.

ಮೊದಲ ಪ್ರಯೋಗಕ್ಕೆ ಕ್ಯಾತನಹಳ್ಳಿಯ ದೊಡ್ಡಮ್ಮನ ಕಬ್ಬಿನ ಗದ್ದೆಯ ಮೋಟಾರಿಗೆ ಅದನ್ನು ಜೋಡಿಸಿದೆ. ಅದೇ ವಾರ ನಾವಿಬ್ಬರೂ ನಾಗಮಂಗಲಕ್ಕೆ ನೆಂಟರ ಮದುವೆಗೆ ಹೋದೆವು. ಊಟಕ್ಕೆ ಕೂತಾಗ ಮೋಟಾರು ನೆನಪಾಗಿ ಫೋನು ತೆಗೆದೆ. ‘ಆನ್’ ಎಂದಿತ್ತು. ಅಯ್ಯೋ, ಬೆಳಿಗ್ಗೆಯಿಂದ ಓಡುತ್ತಲೇ ಇದೆ ಎಂದುಕೊಂಡು ಒತ್ತಿದೆ. ‘ಆಫ್’ ಎಂದು ಬಂತು. ಕೂತಲ್ಲಿಂದಲೇ ನಿಲ್ಲಿಸಿದೆನೆಂದು ಪಕ್ಕದ ಎಲೆಯವರಿಗೆ ತೋರಿಸಿ, ಆ ಖುಷಿಗೆ ಇನ್ನೊಂದು ಹೋಳಿಗೆ ಹಾಕಿಸಿಕೊಂಡೆ.

ದೊಡ್ಡಮ್ಮ ಹೊರಡುವ ಮುಂಚೆಯೇ ಮೋಟಾರು ನಿಲ್ಲಿಸಿ ಬಂದಿದ್ದರು. ನಾನು ಅದನ್ನು ಓಡಿಸಿದ್ದೆ.

ಸಂಜೆ ಊರು ಸೇರುವಷ್ಟರಲ್ಲಿ ಗದ್ದೆ ತುಂಬಿ, ನೀರು ಪಕ್ಕದ ಹೊಲದವರ ಕಣಕ್ಕೆ ನುಗ್ಗಿತ್ತು. ಅವರು ಒಣಗಲು ಹರಡಿದ್ದ ಹುರುಳಿಯೆಲ್ಲ ನೆನೆದಿತ್ತು.

“ನೀನ್ ಮದ್ವೆ ಊಟಕ್ಕೋಗಿ ನನ್ ಉರುಳಿ ನೆನೆಯಾಕ್ಬುಟ್ಯಲ್ಲಪ್ಪ!” ಅಂದರು ಅವರು.

ನಾನು ಮೊದಲು ನೆಟ್‌ವರ್ಕನ್ನು ಬೈದೆ. ಆಮೇಲೆ ಕರೆಂಟನ್ನು. ಕೊನೆಗೆ, ನನಗೆ ಹೇಳದೆ ಮೋಟಾರು ನಿಲ್ಲಿಸಿದ್ದು ದೊಡ್ಡಮ್ಮನದೇ ತಪ್ಪು ಎಂದೆ. ಅವರು ಸಿಟ್ಟಾಗದೆ ಫೋನು ಇಸಿದುಕೊಂಡು ನೋಡಿದರು.

“ಇದ್ರಾಗೆ ಆನು ಅಂತ ಬರ್ದಿದ್ರೆ ಮೋಟ್ರು ನಿಂತದೆ ಅಂತ ತಿಳ್ಕಬೇಕೇನ್ಲಾ?”

“ಹೂಂ ದೊಡ್ಡಮ್ಮ.”

“ಆಫು ಅಂತಿದ್ರೆ ಓಡ್ತಾ ಅದೆ ಅಂತ?”

ನಾನು ಬಗ್ಗಿ ಚಪ್ಪಲಿಯ ಕೆಸರು ಕೆರೆಯತೊಡಗಿದೆ.

“ಇದನ್ನ ಕಲಿಯೋಕೆ ನಾಕೊರ್ಸ ಓದಿದ್ಯಾ?” ಎಂದು ಫೋನು ವಾಪಸು ಕೊಟ್ಟರು.

ಎರಡು ದಿನ ರಜ ಹಾಕಿ, ಪಕ್ಕದವರ ಜೊತೆ ಹುರುಳಿ ಕೈಯಾಡಿಸುತ್ತಾ ಬಿಸಿಲಲ್ಲಿ ಕೂತೆ. ಮುಕ್ಕಾಲು ಪಾಲು ಉಳಿಯಿತು; ಮೊಳಕೆ ಬಂದಿದ್ದನ್ನು ದೊಡ್ಡಮ್ಮ ತಂದು ಬಸ್ಸಾರು ಮಾಡಿದರು.

ಆಫೀಸಿಗೆ ಹೋಗಿ, ಬಳಕೆದಾರರೊಬ್ಬರಿಗೆ ಗುಂಡಿ ಗೊಂದಲವಾಗಿದೆ ಎಂದು ವರದಿ ಕೊಟ್ಟೆ.

“ಓದು ಬರಹ ಬರಲ್ವಾ ಅವರಿಗೆ?” ಎಂದು ಮೇಲಿನವರು ಕೇಳಿದರು.

“ಬರುತ್ತೆ ಸಾರ್. ಸ್ವಲ್ಪ ಜಂಬ ಜಾಸ್ತಿ.”

ಆಮೇಲೆ ಪರದೆಯ ಮೇಲ್ಭಾಗದಲ್ಲಿ ‘ಮೋಟಾರು ನಿಂತಿದೆ’ ಅಥವಾ ‘ಓಡುತ್ತಿದೆ’ ಎಂದು ದಪ್ಪಗೆ ಬರುವಂತೆ ಮಾಡಿದೆ. ಕೆಳಗೆ ‘ಓಡಿಸು’, ‘ನಿಲ್ಲಿಸು’ ಎಂಬ ಎರಡು ಗುಂಡಿ ಇಟ್ಟೆ. ಊರಿಗೆ ಹೋಗಿ ಮೋಟಾರು ಓಡಿಸಿ, ಪರೀಕ್ಷೆಗೆ ಹುರುಳಿಯವರ ಕೈಗೇ ಫೋನು ಕೊಟ್ಟೆ. ಅವರು ‘ನಿಲ್ಲಿಸು’ ಒತ್ತಿದರು, ‘ಮೋಟಾರು ನಿಂತಿದೆ’ ಎಂದು ಬಂದಿದ್ದನ್ನು ಓದಿದರು, ತಲೆಯಾಡಿಸಿದರು. ಆಮೇಲೆ ಫೋನನ್ನು ಜೇಬಿಗಿಟ್ಟು ಮೋಟಾರಿನ ಹತ್ತಿರ ಹೋಗಿ, ಕಿವಿಗೊಟ್ಟು ನಿಂತರು. ನಾನೂ ಅವರ ಹಿಂದೆಯೇ ಹೋದೆ.